ಗದ್ದದಮ್ಮ ಕೇಳುವ ಎರಡನೇ ಸಹಿ

ಅಲ್ಲ, ಅವರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ ಅಂತ ನೀವು ಹೇಳಿದ್ದು ನಿಜವೇ, ಆದರೆ ಅದು ಸೊಕ್ಕಲ್ಲ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅವರ ನೋಟ ಎದುರಿನವರ ಕಿವಿಯ ಕೆಳಗಿಳಿದು, ದವಡೆಯ ಅಂಚು ಹಿಡಿದು ನಿಧಾನವಾಗಿ ಗದ್ದದವರೆಗೆ ನಡೆದು, ಅಲ್ಲಿ ಒಂದು ಕ್ಷಣ ಕೂತು ಸುಧಾರಿಸಿಕೊಂಡು, ಇನ್ನೊಂದು ಬದಿಯಿಂದ ಮೇಲೆ ಹತ್ತುತ್ತದೆ. ಅಷ್ಟರಲ್ಲಿ ನೀವು ಹೇಳಬೇಕಾದದ್ದೆಲ್ಲ ಮುಗಿದಿರುತ್ತದೆ, ಕಣ್ಣಿನ ಸರದಿ ಬರುವುದೇ ಇಲ್ಲ. ಒಮ್ಮೆ ಹಣ್ಣಿನಂಗಡಿಯವನು ಸೇಬು ತೂಗುತ್ತಿದ್ದಾಗ, "ಎಡಗಡೆ ಹಲ್ಲು ನೋಯ್ತಿದೆ ನಿಮಗೆ, ಬಲಗಡೆ ಮಾತ್ರ ಅಗೀತಿದ್ದೀರಿ, ತೋರಿಸ್ಕೊಳ್ಳಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟೇಬಿಟ್ಟರಂತೆ. ಅವನು ಆ ವಾರವೇ ಹಲ್ಲು ಕೀಳಿಸಿಕೊಂಡು, ಊದಿದ ಬಾಯಲ್ಲೇ ಬೀದಿಗೆಲ್ಲ ಡಂಗುರ ಸಾರಿದ. ಗದ್ದದಮ್ಮ ಎಂಬ ಹೆಸರು ಬಿದ್ದದ್ದು ಹಾಗೆ. ಅವರ ನಿಜವಾದ ಹೆಸರು ಬಾಗಿಲ ಮೇಲಿನ ಫಲಕದಲ್ಲಿದೆ, ಯಾರೂ ಓದುವುದಿಲ್ಲ.

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಕ್ಲಿನಿಕ್ಕು. ಚಾಕು ಕತ್ತರಿಯ ಮಾತೇ ಇಲ್ಲ ಅಲ್ಲಿ, ಎಲ್ಲ ಸೂಜಿಯ ಕೆಲಸ. ಇಲ್ಲದ ಗದ್ದಕ್ಕೆ ಒಂದಿಷ್ಟು ಜೆಲ್ ತುಂಬಿ ಆಕಾರ ಕೊಡುವುದು, ಅಗಲವಾದ ದವಡೆಯ ಸ್ನಾಯುವನ್ನು ಇಂಜೆಕ್ಷನ್ನಿನಿಂದ ಸಡಿಲಿಸಿ ಸಣ್ಣ ಮಾಡುವುದು, ಗದ್ದದ ಕೆಳಗೆ ಮನೆ ಮಾಡಿಕೊಂಡ ಕೊಬ್ಬನ್ನು ಕರಗಿಸುವುದು. ಬಿಳಿ ಪೆನ್ಸಿಲಿನಿಂದ ದವಡೆಯ ಮೇಲೆ ಗೆರೆ ಎಳೆಯುವಾಗ ಅವರ ಕೈ, ರಂಗೋಲಿ ಹಾಕುವವರ ಕೈಯಂತೆ, ಎತ್ತದೆ ಹೋಗುತ್ತದೆ. ಮಲಗಿಸಿ ಗೆರೆ ಹಾಕುವುದಿಲ್ಲ, ನೆಟ್ಟಗೆ ಕೂರಿಸಿಯೇ ಹಾಕುತ್ತಾರೆ. "ಮಲಗಿದ್ರೆ ಎಲ್ಲರೂ ಚೆಲುವರೇ, ಭೂಮಿ ಎಳೀಬೇಕು ಮುಖಾನ, ಆಗ ಗೊತ್ತಾಗೋದು" ಎನ್ನುತ್ತಾರೆ. ಮೇಜಿನ ಮೇಲಿನ ಡಬ್ಬಿಯಲ್ಲಿ ಗಟ್ಟಿ ರಸ್ಕು ಇರುತ್ತದೆ. ಬಂದವರಿಗೆಲ್ಲ ಒಂದೊಂದು ಕೊಟ್ಟು, ಎದುರು ಕೂತು, ಅವರು ಅಗಿದು ನುಂಗುವವರೆಗೆ ನೋಡುತ್ತಾರೆ. ಆತಿಥ್ಯವೆಂದುಕೊಂಡು ಇನ್ನೊಂದು ಕೇಳಿದವರೂ ಇದ್ದಾರೆ. ಅವರ ಬಿಳಿ ಕೋಟಿಗೆ ಒಂದು ಜೇಬು ಹೆಚ್ಚಿಗೆ ಹೊಲಿಸಿದ್ದಾರೆ, ಅದರಲ್ಲಿ ಕೈಗನ್ನಡಿ. ನಡೆಯುವಾಗ ಅದು ತೊಡೆಗೆ ಬಡಿಯುವುದರಿಂದ ಒಂದು ಕಾಲು ತುಸು ದೂರ ಇಟ್ಟು, ದೋಣಿಯ ಮೇಲೆ ನಡೆಯುವವರಂತೆ ಓಲಾಡುತ್ತಾ ಬರುತ್ತಾರೆ. ಮಾತಿನಲ್ಲಿ "ಅದಿರಲಿ" ಎಂಬುದೊಂದು ಚಾಳಿ. ನಾವು ನೀವು ಮಾತು ಬಿಡಬೇಕಾದಾಗ ಅದಿರಲಿ ಅಂತೀವಲ್ಲ, ಅವರು ಹಿಡಿಯಬೇಕಾದಾಗ ಅನ್ನುತ್ತಾರೆ. ಅದಿರಲಿ ಅಂದರು ಅಂದರೆ ನಿಮ್ಮ ಕತೆ ಮುಗಿಯಿತು.

ನಾನು ಅವರಲ್ಲಿಗೆ ಹೋದದ್ದು ಗಿರಾಕಿಯಾಗಿ. ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ದಿನಕ್ಕೆ ನಲವತ್ತು ಜನರ ದವಡೆ ಒತ್ತಿ ಒತ್ತಿ ಸಣ್ಣ ಮಾಡುವವನಿಗೆ ಸ್ವಂತದ್ದು ಕನ್ನಡಿಯಲ್ಲಿ ಕಂಡರೆ ಹೇಗಾಗಬೇಡ? ನನ್ನದೇ ಫೋಟೋ ತಿದ್ದಿ, ಇಂಥದ್ದು ಬೇಕು ಅಂತ ಪ್ರಿಂಟು ತೆಗೆದುಕೊಂಡು ಹೋಗಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಚೆನ್ನಾಗಿದ್ದಾನೆ. ಯಾರು, ನಿಮ್ಮ ತಮ್ಮನಾ?"

"ನಾನೇ ಮೇಡಂ."

"ಹೌದಾ? ಅದಿರಲಿ, ಈ ಹುಡುಗನ ಬಾಯಲ್ಲಿ ಹಲ್ಲೆಲ್ಲಿ ಇಟ್ಟಿದ್ದೀರಿ? ಇಷ್ಟು ಸಣ್ಣ ದವಡೇಲಿ ಹದಿನೆಂಟು ಹಲ್ಲೂ ಹಿಡಿಯಲ್ಲ."

ನಾನು ನಕ್ಕೆ. ಅವರು ನಗಲಿಲ್ಲ, ಒಪ್ಪಿಗೆ ಪತ್ರವನ್ನು ಮುಂದೆ ತಳ್ಳಿದರು. ಅದರ ಕೆಳಗೆ ಎರಡು ಸಹಿಗೆ ಜಾಗವಿತ್ತು. ಒಂದು ನನ್ನದು. ಇನ್ನೊಂದು, ನನ್ನ ಜೊತೆ ದಿನಾ ಕೂತು ಊಟ ಮಾಡುವವರು ಯಾರೋ ಅವರದ್ದು. ನೆಂಟರು ಆಗಬಹುದು, ಕೋಣೆ ಹಂಚಿಕೊಂಡ ಗೆಳೆಯ ಆಗಬಹುದು, ಆದರೆ ಎದುರು ಕೂತು ಉಣ್ಣುವವರೇ ಆಗಬೇಕು. ಅವರನ್ನು ಕರೆತಂದರೆ ಮಾತ್ರ ಸೂಜಿ. ಕಾನೂನಿನಲ್ಲಿ ಹೀಗೆಲ್ಲೂ ಇಲ್ಲ, ಇದು ಅವರದ್ದೇ ಕಟ್ಟಳೆ. ಇದರಿಂದಾಗಿ ಎಷ್ಟೋ ಜನ ಎದುರು ಬೀದಿಯ ಹೊಳೆಯುವ ಗಾಜಿನ ಕ್ಲಿನಿಕ್ಕಿಗೆ ಹೋಗಿಬಿಡುತ್ತಾರೆ. ಹೋಗಲಿ ಅನ್ನುತ್ತಾರೆ ಗದ್ದದಮ್ಮ.

ನಾನು ಅಕ್ಕನನ್ನು ಕರೆದುಕೊಂಡು ಹೋದೆ. ಜೊತೆಗೆ ಬಂದವರಿಗೆ ಅವರು ಕೇಳುವುದು ಒಂದೇ ಪ್ರಶ್ನೆ: ಈ ಮುಖದಲ್ಲಿ ಏನು ಹೋದರೆ ನಿಮಗೆ ಬೇಜಾರಾಗುತ್ತೆ? ಅಕ್ಕ ಹಿಂದೆ ಮುಂದೆ ನೋಡದೆ, "ಈ ಗುಂಡು ಗದ್ದ ಹೋದ್ರೆ ನಮ್ಮನೇಲಿ ಆಡ್ಕೊಳ್ಳೋಕೆ ಇನ್ನೇನಿದೆ ಡಾಕ್ಟ್ರೇ? ಅಪ್ಪ ಅಮ್ಮ ಜಗಳ ಆಡ್ದಾಗೆಲ್ಲ ಇದನ್ನ ಹಿಂಡಿಯೇ ನಾವು ನಗ್ಸೋದು" ಎಂದಳು. ನಾನು ಮನೆಗೆ ವಾಪಸ್ಸು ಬಂದೆ, ಗುಂಡು ಗದ್ದದ ಸಮೇತ. ಆದರೆ ಆ ಡಾಕ್ಟರಮ್ಮನನ್ನು ಬಿಡಲಾಗಲಿಲ್ಲ. ಅವರಿಗೆ ಮೊದಲಿನ ಫೋಟೋ, ಆಮೇಲಿನ ಫೋಟೋ ತೆಗೆದುಕೊಡುವವರು ಬೇಕಿತ್ತು, ನಾನೇ ಬರ್ತೀನಿ ಅಂದೆ. ಮೂರು ವರ್ಷವಾಯಿತು. ವಾರಕ್ಕೆರಡು ಮಧ್ಯಾಹ್ನ ಅಲ್ಲೇ ಇರುತ್ತೇನೆ.

ಆ ಪ್ರಶ್ನೆಗೆ ಎಂತೆಂಥ ಉತ್ತರ ಕೇಳಿದ್ದೇನೆ! ಒಮ್ಮೆ ಒಬ್ಬ ಮಾಸ್ತರು, ಮುಖ ತಿದ್ದಿಸಿಕೊಳ್ಳಬೇಕೆಂದ ಹೆಂಡತಿಯ ಜೊತೆ ಬಂದರು. ಇವಳ ಗುಳಿ ಬೀಳುವ ಕೆನ್ನೆ ಹೋದರೆ ನನಗೆ ಬೇಜಾರು ಎಂದರು ಘನ ಗಾಂಭೀರ್ಯದಿಂದ. ಗದ್ದದಮ್ಮ ಆಕೆಯ ಮುಖಕ್ಕೆ ಕೈ ಅಡ್ಡ ಹಿಡಿದು, "ಯಾವ ಕೆನ್ನೆ?" ಎಂದು ಕೇಳಿದರು. ಮಾಸ್ತರು ಬಲ ಎಂದರು, ಆಮೇಲೆ ಎಡ ಎಂದರು, ಆಮೇಲೆ ಎರಡೂ ಎಂದರು.

"ಹದ್ನಾಲ್ಕು ವರ್ಷದಿಂದ ಎದುರಿಗೇ ಕೂತ್ಕೊಂಡು ತಿಂತಿದ್ದೀರಲ್ರೀ! ಎಲ್ಲಿ ನೋಡ್ತಾ ತಿಂತಿದ್ರಿ?" ಎಂದು ಹೆಂಡತಿ ರೇಗಿದರು.

"ತಟ್ಟೇನ ಕಣೇ."

ಗುಳಿ ಇದ್ದದ್ದು ಕೆನ್ನೆಯಲ್ಲೇ ಅಲ್ಲ, ಗದ್ದದಲ್ಲಿ. ಹೊರಗೆ ಮೆಟ್ಟಿಲಿಳಿಯುವಾಗಲೂ ಆಕೆ ಬೈಯುತ್ತಲೇ ಇದ್ದರು, ಆದರೆ ಬೈಗುಳದಲ್ಲಿ ನಗು ಸೇರಿಕೊಂಡಿತ್ತು. ಅವರು ಮತ್ತೆ ಬರಲಿಲ್ಲ. ಗದ್ದದಮ್ಮ ಕಿಟಕಿಯ ಹತ್ತಿರ ನಿಂತು, ಆ ಇಬ್ಬರು ಬೀದಿ ದಾಟಿ ಮರೆಯಾಗುವವರೆಗೆ ನೋಡಿದರು.

ಈ ಕಟ್ಟಳೆ ಯಾಕೆ ಬಂತು ಅಂತ ಎರಡು ವರ್ಷ ನಾನು ಕೇಳಿರಲಿಲ್ಲ. ಕೇಳಿದ ದಿನ ಅವರು ಸೂಜಿಯ ಖಾಲಿ ಡಬ್ಬಿಗಳನ್ನು ಚಪ್ಪಟೆ ಮಾಡುತ್ತಾ ಕೂತಿದ್ದರು. ಕೈ ನಿಲ್ಲಿಸದೆ ಹೇಳಿದರು, ಬೇರೆ ಯಾರದೋ ರೋಗದ ವಿವರ ಹೇಳುವ ದನಿಯಲ್ಲಿ.

ಅವರಿಗೊಬ್ಬಳು ತಂಗಿ. ತಂಗಿಗೆ ಅಪ್ಪನ ಚೌಕ ದವಡೆ ಬಂದಿತ್ತು. ಶಾಲೆಯಲ್ಲಿ ಟ್ರಂಕು ಅಂತ ಕರೆಸಿಕೊಂಡು ಬೆಳೆದವಳು. ಎಂಟು ವರ್ಷದ ಹಿಂದೆ, ತಂಗಿಯ ಹುಟ್ಟುಹಬ್ಬಕ್ಕೆ ಅಕ್ಕ ಕೊಟ್ಟ ಉಡುಗೊರೆ ಆ ದವಡೆಯನ್ನು ಸಣ್ಣ ಮಾಡುವ ಎರಡು ಇಂಜೆಕ್ಷನ್ನು. ಒಳ್ಳೆಯ ಕೆಲಸ, ಎರಡು ತಿಂಗಳಲ್ಲಿ ಮುಖ ಎಲೆಯ ಹಾಗೆ ಇಳಿಯಿತು. ತಂಗಿ ಖುಷಿಯಾಗಿ ಹತ್ತು ಫೋಟೋ ತೆಗೆಸಿಕೊಂಡಳು. ಆದರೆ ತಂಗಿಯ ಮನೆಯಲ್ಲಿ ಅವರ ಅಮ್ಮ ಇದ್ದರು. ಕಣ್ಣು ಪೂರ್ತಿ ಹೋಗಿತ್ತು, ಕಿವಿಯೂ ಹೆಚ್ಚುಕಮ್ಮಿ ಹೋಗಿತ್ತು. ಎದುರು ಬಂದವರ ದವಡೆ ಮುಟ್ಟಿ ಮುಟ್ಟಿ ಇಂಥವರು ಅಂತ ತಿಳಿಯುತ್ತಿದ್ದರು, ತಿಳಿದ ಮೇಲೇ ಅವರ ಕೈಯಿಂದ ತುತ್ತು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಮುಟ್ಟಿದವರು ಕೈ ಹಿಂದಕ್ಕೆಳೆದುಕೊಂಡರು. ಯಾರಮ್ಮ ನೀನು, ನಮ್ಮ ಚಿಕ್ಕವಳನ್ನ ಕರಿ, ಅಂದರು.

"ಆ ಔಷಧೀನ ಕರಗಿಸೋಕೆ ಆಗ್ತಿರ್ಲಿಲ್ವಾ ಮೇಡಂ?"

"ಜೆಲ್ ಆಗಿದ್ರೆ ಕರಗಿಸಬಹುದಿತ್ತು. ಇದು ಸ್ನಾಯು. ಅದಾಗೇ ಎಚ್ಚರ ಆಗ್ಬೇಕು, ಆರೇಳು ತಿಂಗಳು."

ಆಗ ಅವರು, ಅವರೊಬ್ಬರೇ ಮಾಡಬಹುದಾದ ಒಂದು ತಪ್ಪು ಮಾಡಿದರು. ತಂಗಿಯ ಹಳೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಸ್ಕೇಲಿಟ್ಟು ಅಳೆದು, ಇಳಿದ ಜಾಗಕ್ಕೆಲ್ಲ ಜೆಲ್ ತುಂಬಿ ಅಪ್ಪನ ಚೌಕ ದವಡೆಯನ್ನು ಮತ್ತೆ ಕಟ್ಟಿದರು. ಜೀವಮಾನದಲ್ಲಿ ಅಂಥ ಕೆಲಸ ಮಾಡಿಲ್ಲ, ನೀನು ಹಳೆಯ ಫೋಟೋ ಪಕ್ಕ ಇಟ್ಟಿದ್ದರೂ ವ್ಯತ್ಯಾಸ ಕಾಣುತ್ತಿರಲಿಲ್ಲ ಅಂದರು ನನಗೆ. ತಂಗಿ ಆ ಮುಖ ಹೊತ್ತು ಅಮ್ಮನ ಎದುರು ಕೂತು, ಮಾತಾಡಿದಳು. ಅಮ್ಮನ ಬೆರಳು ದವಡೆಯ ಮೇಲೆ ಬಹಳ ಹೊತ್ತು ಓಡಾಡಿತು. ಆಕಾರ ಇತ್ತು, ಆದರೆ ಮಾತಾಡುವಾಗ ಚರ್ಮದ ಕೆಳಗೆ ಉಬ್ಬಿ ಇಳಿಯಬೇಕಾದದ್ದು ಅಲ್ಲಾಡಲೇ ಇಲ್ಲ.

"ಯಾರೋ ಅವಳ ಹಾಗೆ ಮಾಡ್ಕೊಂಡು ಬಂದಿದ್ದಾರೆ. ಓಡ್ಸಿ ಇವರನ್ನ."

ಅಲ್ಲಿಂದ ಮುಂದೆ ಆ ಅಮ್ಮ ತಿಂದದ್ದು ಹಿರಿಯವಳ ಕೈಯಿಂದ ಮಾತ್ರ. ಹೊತ್ತು ಹೊತ್ತಿಗೆ ಕ್ಲಿನಿಕ್ ಬಿಟ್ಟು ಹೋಗಿ ಉಣಿಸಬೇಕಿತ್ತು, ಉಣಿಸುವಾಗ ಪ್ರತಿ ಸಲ ಅಮ್ಮ ಕೇಳುತ್ತಿದ್ದರು, ಚಿಕ್ಕವಳು ಯಾಕೆ ಬರ್ತಿಲ್ಲ, ನನ್ನ ಮೇಲೆ ಕೋಪವಾ ಅವಳಿಗೆ? ಚಿಕ್ಕವಳು ಅದೇ ಕೋಣೆಯಲ್ಲಿ, ಹಾಸಿಗೆಯ ಕಾಲ್ಗಡೆ, ಸ್ನಾಯು ಬೇಗ ಬೆಳೆಯಲಿ ಅಂತ ಗಟ್ಟಿ ರಸ್ಕು ಕಡಿಯುತ್ತಾ ಕೂತಿರುತ್ತಿದ್ದಳು. ಐದನೇ ತಿಂಗಳಲ್ಲಿ ಅಮ್ಮ ಹೋದರು. ಏಳನೆಯದರಲ್ಲಿ ದವಡೆ ಬಂತು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು.

ತಂಗಿ ಇರುವುದು ಮೂರು ಬೀದಿ ಆಚೆ. ದಾರಿಯಲ್ಲಿ ಎದುರಾದರೆ ಆಕೆ ಚಪ್ಪಲಿ ಅಂಗಡಿಗೋ ಔಷಧಿ ಅಂಗಡಿಗೋ ನುಗ್ಗಿಬಿಡುತ್ತಾರೆ. ಇದನ್ನು ಹೇಳಿ ಗದ್ದದಮ್ಮ, "ಪಾಪ, ಎಷ್ಟು ಚಪ್ಪಲಿ ತಗೊಂಡಿದ್ದಾಳೋ" ಎಂದರು. ಒಬ್ಬಳು ತಂಗಿ ಒಂದು ಸಲ ಅಕ್ಕಾ ಅನ್ನಬೇಕು, ಈ ಮನುಷ್ಯೆಗೆ ಬೇರೆ ಆಸೆಯೇ ಇಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಹೋದ ತಿಂಗಳು ಒಂದು ಹುಡುಗಿ ಬಂತು. ಹತ್ತೊಂಬತ್ತು ವರ್ಷ, ಚೌಕ ದವಡೆ, ಒಬ್ಬಳೇ. ನಾನು ಕ್ಯಾಮೆರಾ ಸರಿಮಾಡುತ್ತಿದ್ದೆ. ಗದ್ದದಮ್ಮನ ನೋಟ ಎಂದಿನಂತೆ ಕಿವಿಯ ಕೆಳಗಿಂದ ಹೊರಟು ಅರ್ಧದಲ್ಲೇ ನಿಂತಿತು. ನಾನು ನೋಡಿದ ಹಾಗೆ ಮೊದಲ ಸಲ ಅವರು ಒಬ್ಬರ ಕಣ್ಣನ್ನು ನೋಡಿದರು.

"ದೊಡ್ಡಮ್ಮ, ಅಮ್ಮಂಗೆ ಹೇಳ್ಬೇಡಿ. ನಂಗೆ ಈ ದವಡೆ ಬೇಡ. ಕಾಲೇಜಲ್ಲಿ ಸಾಕಾಗಿದೆ."

ಅವರು ರಸ್ಕು ಕೊಟ್ಟರು. ಹುಡುಗಿ ಅಗಿದಳು. ಅವರು ನೋಡುತ್ತಾ ಕೂತರು, ಅದು ಮುಗಿದ ಮೇಲೆ ಇನ್ನೊಂದು ಕೊಟ್ಟರು. ಇನ್ನೊಂದು ಕೊಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಪತ್ರ ಮುಂದಿಟ್ಟರು.

"ನಿನ್ನ ಜೊತೆ ಊಟ ಮಾಡೋರನ್ನ ಕರ್ಕೊಂಡು ಬಾ."

"ಅಮ್ಮ ಈ ಮೆಟ್ಟಿಲು ಹತ್ತಲ್ಲ, ಗೊತ್ತಲ್ವಾ ನಿಮಗೆ? ನೀವೇ ಹಾಕಿ ಸಹಿ. ನೀವು ನಂಗೆ ಏನೂ ಅಲ್ವಾ?"

"ನಾನು ನಿನ್ನ ಎದುರು ಕೂತು ಉಂಡು ಎಂಟು ವರ್ಷ ಆಯ್ತು ಪುಟ್ಟಾ. ನಂಗೆ ಹಕ್ಕಿಲ್ಲ."

"ಎದುರುಗಡೆ ಕ್ಲಿನಿಕ್ಕಲ್ಲಿ ಯಾರ ಸಹೀನೂ ಬೇಡವಂತೆ!"

ಹುಡುಗಿ ಧಡಧಡ ಇಳಿದು ಹೋದಳು. ನನಗೆ ತಡೆಯಲಾಗಲಿಲ್ಲ. ಹಾಕಿಬಿಡಬಾರದಿತ್ತಾ ಮೇಡಂ, ಆ ಹುಡುಗಿಯಾದರೂ ಬರ್ತಾ ಹೋಗ್ತಾ ಇರ್ತಿತ್ತು ಅಂದೆ. ಅವರು ಕೈಗನ್ನಡಿ ಒರೆಸುತ್ತಿದ್ದರು. "ಅವಳು ಬರ್ಲಿ ಅಂತ, ನಮ್ಮಮ್ಮನ ಹಾಗೆ ಅವಳ ಅಮ್ಮನ್ನೂ ಮಗಳ ಮುಖಕ್ಕೆ ಕುರುಡು ಮಾಡ್ಲಾ?" ಎಂದರು.

ಒಂಬತ್ತು ದಿನ ಕಳೆದ ಮೇಲೆ ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ಹುಡುಗಿ ಮುಂದೆ, ಹಿಂದೆ ಅವಳ ಅಮ್ಮ. ಅದೇ ದವಡೆ ಎರಡು ವಯಸ್ಸಿನಲ್ಲಿ. ತಂಗಿ ಯಾರ ಮುಖವನ್ನೂ ನೋಡದೆ ಜೊತೆಯವರ ಕುರ್ಚಿಯಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಷ್ಟೋ ಮಾತು ಹೇಳಬಹುದಿತ್ತು ಅಕ್ಕ. ಬಂದ್ಯಾ ಅನ್ನಬಹುದಿತ್ತು, ನೀರು ಕುಡೀತೀಯಾ ಅನ್ನಬಹುದಿತ್ತು. ಅವರು ಪೆನ್ನು ತೆಗೆದು, ಎಲ್ಲರಿಗೂ ಕೇಳುವುದನ್ನೇ, ಎಲ್ಲರಿಗೂ ಅನ್ನುವ ಹಾಗೆ ನೀವು ಎಂದೇ ಕೇಳಿದರು.

"ಇವಳ ಮುಖದಲ್ಲಿ ಏನು ಹೋದ್ರೆ ನಿಮಗೆ ಬೇಜಾರಾಗುತ್ತೆ?"

ತಂಗಿ ಕೈಚೀಲಕ್ಕೆ ಹೇಳುವಂತೆ ಹೇಳಿದರು: "ಉಣ್ಣೋವಾಗ ಕಿವಿ ಕೆಳಗೆ ಉಬ್ಬು ಬಂದು ಹೋಗುತ್ತಲ್ಲ, ಅದು. ಸಿಟ್ಟು ಮಾಡ್ಕೊಂಡು ತಟ್ಟೆ ಮುಂದೆ ಕೂತಿದ್ರೂ, ಅದು ಕಂಡ್ರೆ, ಸದ್ಯ ತಿಂತಿದ್ದಾಳೆ ಅಂತ ಸಮಾಧಾನ. ಅದಿಲ್ದೆ ನಂಗೆ ಗೊತ್ತಾಗಲ್ಲ." ಆಮೇಲೆ, "ಆದ್ರೆ ಮುಖ ಅವಳದ್ದು" ಎಂದು ಎರಡನೇ ಗೆರೆಯ ಮೇಲೆ ಸಹಿ ಹಾಕಿದರು. ಹುಡುಗಿ ಆ ಸಹಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಇವತ್ತು ಬೇಡ, ಯೋಚನೆ ಮಾಡ್ತೀನಿ ಅಂದಳು. ಇಬ್ಬರೂ ಎದ್ದರು. ಅಕ್ಕಾ ಅನ್ನಲಿಲ್ಲ. ಬರ್ತೀನಿ ಅಂತಲೂ ಅನ್ನಲಿಲ್ಲ. ಹೆಜ್ಜೆ ಸದ್ದು ಕನ್ನಡಕದಂಗಡಿಯವರೆಗೆ ಇಳಿದು ಬೀದಿಯಲ್ಲಿ ಬೆರೆತುಹೋಯಿತು.

ಗದ್ದದಮ್ಮ ಉತ್ತರವನ್ನು ಫೈಲಿನಲ್ಲಿ ಅಕ್ಷರ ಬಿಡದೆ ಬರೆದುಕೊಂಡರು. ಫೈಲು ಮುಚ್ಚಿ ನನ್ನ ಕಡೆ ತಿರುಗಿ, "ದನಿ ದಪ್ಪ ಆಗಿದೆ ಕಣೋ ಅವಳದ್ದು. ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಅಷ್ಟೇ. ಮುಂದಿನವರನ್ನು ಕರಿ ಅಂದರು.

ಒಂದು ತಪ್ಪು ಮಾಡಿ, ಅದನ್ನು ಮರೆಯಲೂ ಆಗದೆ ತೀರಿಸಲೂ ಆಗದೆ, ಕೊನೆಗೆ ಅದರಿಂದಲೇ ಒಂದು ಕಟ್ಟಳೆ ಮಾಡಿಕೊಂಡು ಬದುಕುವ ಜನ ಲೋಕದಲ್ಲಿ ಇದ್ದಾರೆ. ಊರಿಗೆ ಅವರು ಹಟಮಾರಿಗಳಂತೆ ಕಾಣುತ್ತಾರೆ. ಅವರ ಕಟ್ಟಳೆಯಿಂದ ಬೇರೆಯವರ ಮನೆ ಉಳಿಯುತ್ತದೆ. ಅವರ ಮನೆಯ ಮಟ್ಟಿಗೆ ಅದು ಬಾಗಿಲಿಗೆ ಹಾಕಿದ ಚಿಲಕವಾಗಿರುತ್ತದೆ, ಒಳಗಿನಿಂದ ಅವರೇ ಹಾಕಿಕೊಂಡದ್ದು. ನನಗಂತೂ ಅಂಥವರ ಮುಂದೆ ನಿಂತರೆ ಕೈ ಮುಗಿಯಬೇಕು ಅನ್ನಿಸುತ್ತದೆ, ಹಾಗೇ ಕೈ ಹಿಡಿದು ಹೊರಗೆ ಎಳೆದುಕೊಂಡು ಬರಬೇಕು ಅಂತಲೂ.

ನೀವು ಒಂದು ಸಲ ಹೋಗಿ ಬನ್ನಿ. ಗದ್ದ ತಿದ್ದಿಸಿಕೊಳ್ಳಬೇಕು ಅಂತೇನೂ ಇಲ್ಲ. ಒಂದರಿಂದ ಎರಡರವರೆಗೆ ಬಾಗಿಲು ಮುಂದೆ ಮಾಡಿಕೊಂಡು, ಒಳಗಿನ ಕೋಣೆಯಲ್ಲಿ ಕಿಟಕಿ ನೋಡುತ್ತಾ ಒಬ್ಬರೇ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಾರೆ. ನಾನು ಎಷ್ಟೋ ಸಲ ಹೊರಗೆ ನಿಂತು, ತಟ್ಟಲು ಧೈರ್ಯ ಬರದೆ ಬಂದಿದ್ದೇನೆ. ನೀವು ತಟ್ಟಿ. ನಿಮ್ಮ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.