ಕೆಂಪಕ್ಕನ ಹೊಟ್ಟೆನೋವು

ಕೆಂಪಕ್ಕನ ಮಾತನ್ನು ವಾರ್ಡಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸತ್ತ ಅತ್ತೆ ಫ್ಯಾನಿನ ಮೇಲೆ ಕೂತಿದ್ದಾಳೆ ಅನ್ನುವ ಹೆಂಗಸು, ಹೊಟ್ಟೆಯೊಳಗೆ ಕಲ್ಲು ತುಂಬಿದ್ದಾರೆ ಅಂದರೆ ಯಾರು ತಾನೇ ನಂಬುತ್ತಾರೆ? ಜೆ.ಪಿ. ನಗರದ ಆ ಮಾನಸಿಕ ಆಸ್ಪತ್ರೆಯಲ್ಲಿ ಫೈಲಿಗೆ ‘ಭ್ರಮೆ ಮುಂದುವರಿದಿದೆ’ ಎಂದು ಬರೆದು ಎಲ್ಲರೂ ಕಾಫಿಗೆ ಹೋದರು.

ನರ್ಸ್ ಸರ್ವಮಂಗಳಾ ಮಾತ್ರ ಹೋಗಲಿಲ್ಲ.

“ನೀನಾದ್ರೂ ಮುಟ್ ನೋಡವ್ವಾ” ಅಂದಳು ಕೆಂಪಕ್ಕ.

ಮುಟ್ಟಿ ನೋಡಿದರೆ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಕಕ್ಕಸಿಗೆ ಹೋಗಿ ಐದು ದಿನವಾಗಿತ್ತಂತೆ. ಹದಿನೈದು ದಿನದ ಹಿಂದೆ ಶುರುವಾದ ಹೊಸ ಮಾತ್ರೆ ಕೆಲವರ ಕರುಳನ್ನೇ ಕಟ್ಟಿಹಾಕುತ್ತದೆ ಎಂಬುದು ಇಪ್ಪತ್ತೆರಡು ವರ್ಷ ಸರ್ವೀಸಿನ ಸರ್ವಮಂಗಳಾಗೆ ಗೊತ್ತಿತ್ತು. ಒಂದಕ್ಕೊಂದು ತಾಳೆ ಹಾಕಿದಳು. ತಕ್ಷಣ ಎಕ್ಸ್‌ರೇ ಆಗಲೇಬೇಕಿತ್ತು.

ಅವಳ ತಲೆ ಚುರುಕು, ಏಳದ ನಾಲಿಗೆಯದೇ ತಕರಾರು. ಹಿಂದೊಮ್ಮೆ ಬೇರೊಬ್ಬ ಡಾಕ್ಟರಿಗೆ ಹೀಗೇ ಏನೋ ಹೇಳಲು ಹೋಗಿ, “ನನ್ನ ಕುರ್ಚಿ ಬೇಕಾ ಸಿಸ್ಟರ್ ನಿಮ್ಗೆ?” ಅನ್ನಿಸಿಕೊಂಡಿದ್ದಳು. ಸುತ್ತ ನಿಂತವರು ಗೊಳ್ಳೆಂದಿದ್ದರು. ಅಂದಿನಿಂದ, ಡಿಪ್ಲೊಮಾ ಓದಿದವಳು, ನನಗೇನು ಗೊತ್ತು ಎಂದು ತನ್ನ ಬಾಯಿಯನ್ನು ತಾನೇ ಮುಚ್ಚಿಸುವುದು ರೂಢಿಯಾಯಿತು. ಎಂಥ ಹಾಳು ರೂಢಿ!

ಹನ್ನೊಂದಕ್ಕೆ ರೌಂಡ್ಸಿಗೆ ಬಂದ ಡಾಕ್ಟರ್ ಚಿದಾನಂದ್ ಕೆಟ್ಟವರಲ್ಲ, ಆತುರದ ಮನುಷ್ಯ, ಅಷ್ಟೇ. “ಹೇಳೋದೇನಾದ್ರೂ ಇದ್ಯಾ ಸಿಸ್ಟರ್?” ಎಂದು ಕೇಳಿಯೂ ಕೇಳಿದರು. ಕೆಂಪಕ್ಕ ಇವಳ ಮುಖವನ್ನೇ ನೋಡುತ್ತಿದ್ದಳು.

“ಏನಿಲ್ಲ ಸಾರ್” ಅಂದಳು ಸರ್ವಮಂಗಳಾ.

ಮರುದಿನ ಕೆಂಪಕ್ಕ ವಾಂತಿ ಮಾಡಿಕೊಂಡು ಕುಸಿದಳು. ಬೇರೆ ಆಸ್ಪತ್ರೆಗೆ ಸಾಗಿಸಿದರು. ಕರುಳು ಒಡೆದಿತ್ತು. ಆಪರೇಷನ್ ಮಾಡಿದರೂ ಉಳಿಯಲಿಲ್ಲ.

ವಾರ ಕಳೆದ ಮೇಲೆ, ಬಂದಾಗಲೆಲ್ಲ ತಾಯಿಯ ಬಗ್ಗೆ ಸರ್ವಮಂಗಳಾಳನ್ನೇ ಕೇಳಿಕೊಂಡು ಹೋಗುತ್ತಿದ್ದ ಮಗಳು ಸುಧಾಮಣಿ ತಾಯಿಯ ಸೀರೆಗಳನ್ನು ತೆಗೆದುಕೊಂಡು ಹೋಗಲು ಜರಗನಹಳ್ಳಿಯಿಂದ ಬಂದಳು. ಅಷ್ಟೂ ದಿನ ಅನ್ನ ಸೇರದೆ ಒದ್ದಾಡಿದ ಸರ್ವಮಂಗಳಾ, ಇವತ್ತು ಎಲ್ಲ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಎದುರಿಗೆ ನಿಂತಳು. ಆದರೆ ಮಗಳೇ ಮೊದಲು ಬಾಯಿಬಿಟ್ಟಳು.

“ಫೋನಲ್ಲಿ ಅಮ್ಮ ನನ್ಹತ್ರಾನೂ ಹೊಟ್ಟೆನೋವು ಅಂತ ಅತ್ಲು ಸಿಸ್ಟರ್. ಬೇರೆ ಕಡೆ ತೋರ್ಸೋಣ ಅಂತ ಆಟೋನೂ ಹಿಡ್ದಿದ್ದೆ. ಆಮೇಲೆ ಅನ್ನಿಸ್ತು, ನೀವಿದ್ದೀರಲ್ಲ, ಏನಾದ್ರೂ ಇದ್ದಿದ್ರೆ ನೀವು ಸುಮ್ನೆ ಇರ್ತಿರ್ಲಿಲ್ಲ ಅಂತ. ಆಟೋ ವಾಪಸ್ ಕಳಿಸ್ಬಿಟ್ಟೆ.”

ಸರ್ವಮಂಗಳಾ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎಂದುಕೊಂಡೇ ಬದುಕಿದ್ದಳು. ಈ ಹುಡುಗಿ ಅವಳ ಮೌನವನ್ನು ಡಾಕ್ಟರ ಮಾತಿಗಿಂತ ಹೆಚ್ಚು ನಂಬಿದ್ದಳು.

“ನಂಗೆ ಗೊತ್ತಿತ್ತು ಸುಧಾ” ಅಂದಳು. “ಮುಟ್ಟಿ ನೋಡಿದ್ದೆ. ಗೊತ್ತಿತ್ತು.”

ಸುಧಾಮಣಿ ಅಳಲಿಲ್ಲ, ಬೈಯಲಿಲ್ಲ. ಸೀರೆಗಳನ್ನು ಎದೆಗವಚಿಕೊಂಡು, “ಮತ್ಯಾಕ್ ಹೇಳ್ಲಿಲ್ಲ ಸಿಸ್ಟರ್?” ಎಂದು ಕೇಳಿ, ಉತ್ತರಕ್ಕಾಗಿ ಕಾದು ನಿಂತಳು.