ಹೆಗಲಪಟ್ಟಿ

“ನಿಲ್ಲಿ, ನಿಲ್ಲಿ! ಮೊದ್ಲು ಆ ಪೆಟ್ಟಿಗೆ ಸರಿಸಿ, ಆಮೇಲೆ ಇಳಿಸೋಣ,” ಎಂದು ತಲೆಯ ಕಡೆ ಹೊತ್ತಿದ್ದ, ಸತ್ತವನ ಭಾವಮೈದ ಕೂಗಿದ.

ಶವವನ್ನು ಮಲಗಿಸಿದ್ದ ಹಲಗೆ ಮೆಟ್ಟಿಲ ನಡುವೆ ನಿಂತಿತು. ಕೆಳಗಿನ ತಿರುವಿನಲ್ಲಿ ಗೋಡೆಗೊರಗಿದ್ದ ಗಿಟಾರಿನ ದನಿ ಹಿಗ್ಗಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಅರ್ಧ ದಾರಿಯನ್ನು ನುಂಗಿತ್ತು. ಶನಿವಾರ ಸಂಜೆ ಅದನ್ನು ಬೆನ್ನಿಗೇರಿಸಿಕೊಂಡು ಮೂರನೆಯ ಮಹಡಿಯ ತನ್ನ ಮನೆಗೆ ಹತ್ತುತ್ತಿದ್ದವನು, ಆ ತಿರುವಿನಲ್ಲಿ ಸುಧಾರಿಸಿಕೊಳ್ಳಲೆಂದು ಕುಳಿತವನು, ಮರಳಿ ಏಳಲಿಲ್ಲ. ಅದರ ಹೆಗಲಪಟ್ಟಿಗಳಿಂದ ಅವನ ತೋಳುಗಳನ್ನು ಬಿಡಿಸಿ ಮೇಲಕ್ಕೊಯ್ದವರು ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟಿದ್ದರು. ಅಂದಿನಿಂದ ಎಲ್ಲರೂ ಅದನ್ನು ಸುತ್ತಿಕೊಂಡು ಹತ್ತಿಳಿದರೇ ಹೊರತು ಯಾರೂ ಮುಟ್ಟಿರಲಿಲ್ಲ.

ಸತ್ತವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಜೀವಮಾನವಿಡೀ ಪರರ ದೃಷ್ಟಿಯನ್ನು ತಿದ್ದಿದ ಅವನಿಗೆ ಕಡೆಯವರೆಗೂ ಕನ್ನಡಕ ಬೇಕಾಗಲಿಲ್ಲ; ಆದರೂ ಗೆಳೆಯರ ಬಾಯಲ್ಲಿ ಅವನ ಹೆಸರು ‘ಕನ್ನಡಕ’ವೆಂದೇ ನಿಂತಿತ್ತು. ಹಲಗೆಗಿಂತ ಮುಂದಾಗಿ ಇಳಿಯುತ್ತಿದ್ದವರು ಅವನ ಇಬ್ಬರು ಗೆಳೆಯರು: ಅವನ ಗಿಟಾರಿಗೆ ಡ್ರಮ್ ಬಾರಿಸುತ್ತಿದ್ದ ಡ್ರೈವಿಂಗ್ ಮೇಷ್ಟ್ರು, ಹಾಡುತ್ತಿದ್ದ ದರ್ಜಿ.

“ಹಿಡ್ಕೊಳ್ಳೋ, ಆ ಕಡೆ,” ಎಂದರು ಮೇಷ್ಟ್ರು.

ಪೆಟ್ಟಿಗೆಗೆ ಎರಡು ಪಕ್ಕಕ್ಕೂ ಒಂದೊಂದು ಹಿಡಿಯಿತ್ತು. ದರ್ಜಿ ತನ್ನ ಪಾಲಿನ ಹಿಡಿಗೆ ಕೈಯಿಟ್ಟ. ಇಬ್ಬರೂ ಎತ್ತಿದಾಗ ಅದು ಸಲೀಸಾಗಿ ಎದ್ದುಬಂತು. ಆ ಸಲೀಸೇ ದರ್ಜಿಯ ಎದೆಗೆ ನಾಟಿತು. ನೆಲಮಹಡಿಯ ಮೂಲೆಯಲ್ಲಿ ಅದನ್ನು ಇಳಿಸಿ ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

*

ಮಳೆಗಾಲಕ್ಕೆ ಮುಂಚೆ ಕನ್ನಡಕನೂ ದರ್ಜಿಯೂ ಕೊಳ್ಳಲು ಹೋಗಿದ್ದ ಹಳೆಯ ವಾದ್ಯಗಳ ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿದ್ದವು. ಕನ್ನಡಕನಿಗೆ ಬೇಕಾಗಿದ್ದುದು ಎರಡು ಕಡೆಗೂ ಸಲ್ಲುವ ಒಂದೇ ಆಂಪ್ಲಿಫೈಯರ್. ಮನೆಯಲ್ಲಿ ಹೆಂಡತಿಯೊಬ್ಬಳಿಗೇ ಕೇಳಿಸುವಷ್ಟು ತಗ್ಗಿಸಿದರೂ ಮಾಧುರ್ಯ ಕೆಡಬಾರದು; ಶನಿವಾರಗಳಲ್ಲಿ ಮೇಷ್ಟ್ರ ಕಾರು ಶೆಡ್ಡಿನಲ್ಲಿ ಡ್ರಮ್ಮಿನೆದುರು ಅಡಗಿಹೋಗಲೂಬಾರದು. ಗಿಟಾರ್ ಸಿಕ್ಕಿಸದೆ ಸ್ವಿಚ್ಚು ಹಾಕಿ ಅದರ ಒಡಲ ಗುಂಯ್‌ಗುಡುವಿಕೆಯನ್ನು ಆಲಿಸಿದ. ಒಂದೊಂದು ತಿರುಪನ್ನೂ ತಿರುಗಿಸಿ ಕರಕರ ಎನ್ನುವುದೇ ಎಂದು ಕಿವಿಗೊಟ್ಟ. ಸ್ಪೀಕರಿನ ಕಾಗದ ಹರಿದಿದೆಯೇ ಎಂದು ಟಾರ್ಚ್ ಬಿಟ್ಟ. ಹಿಂಬದಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಹುಡುಕಿದ.

“ಡಾಕ್ಟ್ರೂ ಇಷ್ಟು ತಪಾಸಣೆ ಮಾಡಲ್ಲ ಸಾರ್,” ಎಂದ ಅಂಗಡಿಯವ. “ಇನ್ನು ನಾಲಿಗೆ ಚಾಚು ಅನ್ನೋದೊಂದು ಬಾಕಿ.”

ಕನ್ನಡಕ ನಕ್ಕು, ಚಿಕ್ಕ ಪೆಟ್ಟಿಗೆಗೆ ಗಿಟಾರ್ ಸಿಕ್ಕಿಸಿ ಮೆಲ್ಲಗೆ ನುಡಿಸಿದ. ಪಿಸುಮಾತಿನಷ್ಟು ತಗ್ಗಿದ್ದರೂ ಪ್ರತಿಯೊಂದು ಸ್ವರವೂ ತೊಳೆದ ಗಾಜಿನಂತೆ ನಿಚ್ಚಳವಾಗಿತ್ತು. ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿದ.

“ಇದು ಸಾಕು ಕಣೋ. ಮೇಷ್ಟ್ರಿಗೆ ಸ್ವಲ್ಪ ಮೆತ್ತಗೆ ಬಾರಿಸಿ ಅಂದ್ರಾಯ್ತು.”

“ಮೇಷ್ಟ್ರು ಮೆತ್ತಗೆ? ಅವರ ಡ್ರಮ್ಮಿನ ಮುಂದೆ ಇದು ಸೊಳ್ಳೆ ಕಣೋ, ಸೊಳ್ಳೆ! ದೊಡ್ಡದು ತಗೋ,” ಎಂದ ದರ್ಜಿ.

“ಮೂರು ಮಹಡಿ ಹತ್ತಿಸ್ಬೇಕಲ್ಲೋ.”

“ನಾನೇನು ಸತ್ತಿದ್ದೀನಾ? ಹಿಡಿ ಎರಡಿದೆ, ನಾವೂ ಇಬ್ರಿದ್ದೀವಿ. ಪ್ರತಿ ಶನಿವಾರ ಒಂದು ಕಡೆ ನಾನ್ ಹಿಡಿತೀನಿ, ಬಾ.”

ದೊಡ್ಡ ಪೆಟ್ಟಿಗೆಯ ಮುಖದಲ್ಲಿ ತಂತಿ ಸಿಕ್ಕಿಸುವ ರಂಧ್ರಗಳು ಎರಡಿದ್ದವು. ಒಂದು ಗಿಟಾರಿಗಾದರೆ ಇನ್ನೊಂದು ತನ್ನ ಮೈಕಿಗೆ ಎಂದು ದರ್ಜಿ ಒಳಗೆ ಕಾಲಿಟ್ಟಾಗಲೇ ನಿಶ್ಚಯಿಸಿದ್ದ. ಅಷ್ಟು ಕಾಲವೂ ಶೆಡ್ಡಿನಲ್ಲಿ ಅವನ ಹಾಡು ಅವನಿಗೇ ಕೇಳಿಸುತ್ತಿರಲಿಲ್ಲ. ಆ ರಂಧ್ರದ ಮಾತನ್ನು ಮಾತ್ರ ಅವನು ಎತ್ತಲಿಲ್ಲ.

*

“ಈ ಕನ್ನಡಕ ಅವ್ರೇ ಮಾಡಿದ್ದು,” ಎಂದು ಸ್ಮಶಾನದಲ್ಲಿ ಮಣ್ಣಿನ ರಾಶಿಯ ಬಳಿ ನಿಂತಿದ್ದ ಮುದುಕಿಯೊಬ್ಬಳು ಮೇಷ್ಟ್ರಿಗೆ ಹೇಳುತ್ತಿದ್ದಳು. “ಸೆರಗಲ್ಲಿ ಒರೆಸ್ಬೇಡಿ, ಗೀರು ಬೀಳುತ್ತೆ ಅಂತ ಬಯ್ತಿದ್ರು. ಈಗ ನೋಡಪ್ಪ, ಒರೆಸದೆ ಇರೋದು ಹ್ಯಾಗೆ?”

“ಇವತ್ತೊಂದಿನ ಒರೆಸ್ಕೊಳ್ಳಿ ಅಜ್ಜಿ, ಏನೂ ಅನ್ನಲ್ಲ,” ಎಂದರು ಮೇಷ್ಟ್ರು. ಅವರು ದರ್ಜಿಯತ್ತ ತಿರುಗಿದರು. “ಡಾಕ್ಟ್ರು ಹೇಳಿದ್ರು, ಮಲಗಿದ್ರೂ ಆಗ್ತಿತ್ತಂತೆ. ಎದೆ ಮೊದಲೇ ಕೆಟ್ಟಿತ್ತಂತೆ. ಯಾರದೂ ತಪ್ಪಿಲ್ಲ ಬಿಡು.”

ದರ್ಜಿ ತಲೆಯಾಡಿಸಿದ. ಹಿಡಿ ಮಣ್ಣನ್ನು ಎಲ್ಲರಿಗಿಂತ ಕಡೆಯಲ್ಲಿ ಹಾಕಿದ.

*

ಒಂದು ಕಡೆ ಹಿಡಿಯುತ್ತೇನೆಂದು ದರ್ಜಿ ಕೊಟ್ಟ ಮಾತು ಮಳೆಗಾಲದವರೆಗೆ ಬಾಳಿತು. ಶೆಡ್ಡಿನ ಮಾಡು ಸೋರುತ್ತಿದ್ದುದರಿಂದ ಪೆಟ್ಟಿಗೆಯನ್ನು ಅಲ್ಲಿ ಬಿಡುವಂತಿರಲಿಲ್ಲ. ಪ್ರತಿ ವಾರವೂ ಇಳಿಸಬೇಕು, ಹತ್ತಿಸಬೇಕು. ದರ್ಜಿಗೆ ಬೇಸರವಾಯಿತು. ಬೇಸರವೆನ್ನಲು ನಾಚಿಕೆಯಾಗಿ ಒಂದು ಉಪಾಯ ಹುಡುಕಿದ.

“ಕೈ ಮೇಲೆತ್ತು,” ಎಂದು ಗೆಳೆಯನನ್ನು ತನ್ನ ಅಂಗಡಿಯಲ್ಲಿ ನಿಲ್ಲಿಸಿ ಹೆಗಲಿನಿಂದ ಹೆಗಲಿಗೆ, ಹೆಗಲಿನಿಂದ ಸೊಂಟಕ್ಕೆ ಟೇಪು ಹಿಡಿದ.

“ಏನೋ ಇದು, ಕೋಟು ಹೊಲಿತಿದ್ದೀಯಾ?”

“ನಿಂಗಲ್ಲ, ನಿನ್ನ ಪೆಟ್ಟಿಗೆಗೆ.”

ದಪ್ಪ ಕ್ಯಾನ್ವಾಸಿನ ಗವಸು, ಅದಕ್ಕೆ ಎರಡು ಅಗಲವಾದ ಹೆಗಲಪಟ್ಟಿ, ಒಳಗೆ ಮೆತ್ತೆ, ಮೂಲೆಮೂಲೆಗೂ ಇಮ್ಮಡಿ ಹೊಲಿಗೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ತನ್ನ ಮದುವೆಯ ಉಡುಪಿಗೂ ಮಾಡಿರಲಿಲ್ಲ. ಕನ್ನಡಕ ಅದನ್ನು ಬೆನ್ನಿಗೇರಿಸಿಕೊಂಡು ಅಂಗಡಿಯ ತುಂಬ ಓಡಾಡಿದ. “ಆಹಾ, ಇನ್ನು ನಿನ್ನ ಹಂಗೇ ಇಲ್ಲ!” ಎಂದ.

ಅದೇ ದರ್ಜಿಗೆ ಬೇಕಾಗಿತ್ತು.

ಕಡೆಯ ಶನಿವಾರ ಶೆಡ್ಡಿನ ಬಾಗಿಲಲ್ಲಿ ಕನ್ನಡಕ ತಡೆದು ನಿಂತ. “ಇವತ್ತೊಂದಿನ ಒಂದು ಕಡೆ ಹಿಡಿತೀಯೇನೋ? ಯಾಕೋ ಸುಸ್ತು.”

“ಪಟ್ಟಿ ಇದೆಯಲ್ಲೋ! ನಾಳೆ ಕೊಡೋ ಕೋಟು ಹಾಗೇ ಬಿದ್ದಿದೆ.”

“ಸರಿ ಹೋಗಪ್ಪ, ದೊಡ್ಡ ಮನುಷ್ಯ,” ಎಂದು ಕನ್ನಡಕ ನಕ್ಕು, ಬೆನ್ನು ತಿರುಗಿಸಿ ಪಟ್ಟಿಗಳಿಗೆ ತೋಳು ತೂರಿಸಿದ. ಬೆನ್ನ ಮೇಲೆ ಪೆಟ್ಟಿಗೆ ನೇರವಾಗಿ ಕೂತಿದೆಯೇ ಎಂದು ದರ್ಜಿ ಕ್ಷಣಕಾಲ ನಿಂತು ನೋಡಿದ. ನೇರವಾಗಿಯೇ ಕೂತಿತ್ತು.

*

ಮಣ್ಣು ಮುಗಿಸಿ ಬಂದಾಗ ಮನೆಯಲ್ಲಿ ಹತ್ತಿರದವರಷ್ಟೇ ಉಳಿದಿದ್ದರು. ಗೋಡೆಗೊರಗಿ ಕುಳಿತಿದ್ದ ಸತ್ತವನ ಹೆಂಡತಿ ದರ್ಜಿಯನ್ನು ಕಂಡು ಸೆರಗು ಸರಿಪಡಿಸಿಕೊಂಡಳು.

“ಅಣ್ಣಾ, ಬನ್ನಿ. ನೀರು ಕುಡಿದ್ರಾ?”

“ಆಯ್ತಮ್ಮ.”

“ಕೆಳಗಿರೋ ಪೀಡೇನ ಗುಜರಿಯವನಿಗೆ ಹಾಕ್ತೀನಿ ಅಕ್ಕ,” ಎಂದ ಅವಳ ತಮ್ಮ.

“ಬಾಯ್ಮುಚ್ಚು. ಅವರು ಮನೆಗೆ ತರ್ತಿದ್ದ ವಸ್ತು, ಮನೆಗೇ ಬರ್ಲಿ.” ಅವಳು ದರ್ಜಿಯ ಕಡೆ ನೋಡಿದಳು. “ಮನೇಲಿ ಅದು ಒಂದು ದಿನ ನೆಟ್ಟಗೆ ಹಾಡಲಿಲ್ಲ ಅಣ್ಣಾ. ಕಮ್ಮಿ ಇಟ್ರೆ ನೆಗಡಿ ಬಂದ ಹಾಗೆ, ಜಾಸ್ತಿ ಇಟ್ರೆ ಪಕ್ಕದ ಮನೆಯವರು ಗೋಡೆ ಬಡಿಯೋರು. ಕೊನೆಗೆ ಪೆಟ್ಟಿಗೆಗೆ ತಂತಿ ಸಿಕ್ಕಿಸದೇನೇ ಗಿಟಾರ್ ನುಡಿಸ್ತಿದ್ರು. ನಾನು ಹತ್ತಿರ ಕೂತು ಕೇಳ್ತಿದ್ದೆ.”

ದರ್ಜಿ ಕೈಯನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡ.

“ನೀವು ಬಡ್ಕೊಂಡ್ರಂತಲ್ಲ, ಚಿಕ್ಕದೇ ತಗೋ ಅಂತ? ‘ಅವನು ಬೇಡ ಅಂದ, ನಾನೇ ಹಟ ಹಿಡಿದೆ’ ಅಂತ ಅವರೇ ಹೇಳಿದ್ರು, ನಾನು ಜಗಳ ತೆಗೆದಾಗ. ನಿಮ್ಮ ಮಾತಾದ್ರೂ ಕೇಳಿದ್ದಿದ್ರೆ... ಎಷ್ಟು ಬೈದೆ ನಾನು ಅವರನ್ನ! ತಂದ ದಿನದಿಂದ ಬೈದೆ.”

ಆ ಬೈಗುಳ ನಿಜಕ್ಕೂ ಸಲ್ಲಬೇಕಾದವನು ಇದಿರಿಗೇ ನಿಂತಿದ್ದ. “ತರ್ತೀನಿ,” ಎಂದಷ್ಟೇ ಹೇಳಿ ಕೆಳಗಿಳಿದ.

ಮೇಷ್ಟ್ರು ಹಿಂದೆಯೇ ಬಂದು ಹಿಡಿಗೆ ಕೈ ಚಾಚಿದರು. “ಇರು, ಒಂದು ಕಡೆ ನಾನ್ ಹಿಡಿತೀನಿ.”

“ಬೇಡ ಮೇಷ್ಟ್ರೇ. ದಮ್ಮಯ್ಯ, ಬಿಡಿ.”

ಅವನು ಕುಕ್ಕರಗಾಲಿನಲ್ಲಿ ಕುಳಿತು ಪಟ್ಟಿಗಳಿಗೆ ತೋಳು ತೂರಿಸಿ ಎದ್ದ. ಪಟ್ಟಿ ಇನ್ನೊಬ್ಬನ ಅಳತೆಯದು. ಗಿಡ್ಡ ಮೈಕಟ್ಟಿಗೆಂದು ಕತ್ತರಿಸಿದ ಅದು ಉದ್ದನೆಯ ದರ್ಜಿಯ ಕಂಕುಳನ್ನು ಕೊರೆಯಿತು; ಪೆಟ್ಟಿಗೆ ಮೇಲೇರಿ ಕತ್ತನ್ನು ಬಗ್ಗಿಸಿತು. ಮೆಟ್ಟಿಲಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಮೊದಲ ಮಹಡಿಗೇ ಉಸಿರು ಸಿಕ್ಕಿಕೊಂಡಿತು. ಎಲ್ಲಿಯಾದರೂ ಒಂದು ಹೊಲಿಗೆ ಬಿಟ್ಟೀತೇ ಎಂದು ಅವನು ಕಾದ. ಒಂದೂ ಬಿಡಲಿಲ್ಲ. ಆ ತಿರುವಿಗೆ ಬಂದಾಗ, ಕೂರಬಾರದೆಂದು ಎಷ್ಟು ಎಣಿಸಿದರೂ ಆಗಲಿಲ್ಲ. ಅದೇ ಗೋಡೆಗೆ ಪೆಟ್ಟಿಗೆಯನ್ನು ಒರಗಿಸಿ ಕುಳಿತು ಸುಧಾರಿಸಿಕೊಂಡ. ಮತ್ತೆ ಎದ್ದ. ಭಾರವಾದ ಹೆಜ್ಜೆಯೊಂದು, ನಿಲುಗಡೆಯೊಂದು, ಮತ್ತೊಂದು ಹೆಜ್ಜೆ.

ಮೇಲೆ ಚಿಲಕ ಸರಿಯಿತು. ಅವನಿನ್ನೂ ಕಡೆಯ ಮೆಟ್ಟಿಲು ಮುಟ್ಟಿರಲಿಲ್ಲ. ಬಾಗಿಲು ಹಾರುಹೊಡೆದಂತೆ ತೆರೆಯಿತು. ಶನಿವಾರಗಳಲ್ಲಿ ಗಂಡನ ಅಂಥ ಹೆಜ್ಜೆಗಳಿಗೆ ಎದ್ದು ಬರುವುದು ಅವಳಿಗೆ ರೂಢಿಯಾಗಿತ್ತು. ಕಂಡದ್ದು ಯಾರೆಂದು ತಿಳಿಯುವ ಮೊದಲೇ ಅವಳ ಕೈ ಮುಂದೆ ಬಂದು ಎಡಹೆಗಲ ಪಟ್ಟಿಯನ್ನು ಹಿಡಿದು ಮೇಲೆತ್ತಿತ್ತು.

ದರ್ಜಿ ತಲೆಯೆತ್ತಲಾರದೆ ಅವಳ ಪಾದಗಳನ್ನೇ ನೋಡುತ್ತ ಹೇಳಿದ. “ಅವನು ಚಿಕ್ಕದನ್ನೇ ಆರಿಸಿದ್ದ, ತಂಗಿ. ಇದನ್ನ ತಗೋ ಅಂದಿದ್ದು ನಾನು.”

ಅವಳ ಕೈ ಪಟ್ಟಿಯನ್ನು ಬಿಡಲಿಲ್ಲ, ಹೆಗಲಿನಿಂದ ಇಳಿಸಲೂ ಇಲ್ಲ. ಒಂದು ಪಟ್ಟಿ ಅವನ ಹೆಗಲಲ್ಲಿ, ಒಂದು ಅವಳ ಮುಷ್ಟಿಯಲ್ಲಿ. ಹೊಸ್ತಿಲ ಮೇಲೆ ಇಬ್ಬರ ನಡುವೆ ಪೆಟ್ಟಿಗೆ ವಾಲಿಕೊಂಡು ನಿಂತಿತ್ತು.