ಬೀಗ ಹಾಕಿದ ಕೋಣೆಯ ಅತಿಥಿ

ಕೆರಿಬಿಯನ್ ಕಡಲಿನ ನಮ್ಮ ಪುಟ್ಟ ದ್ವೀಪ ಸೇಂಟ್ ಬಾರ್ತ್‌ಗೆ ಬರುವ ಪ್ರವಾಸಿಗರು ಎಲ್ಲಿ ಉಳಿದುಕೊಳ್ಳಬೇಕು ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಇದೇನು ಮಹಾ ಕೆಲಸ, ನಾಲ್ಕು ಫೋಟೋ ಕಳಿಸಿದರೆ ಆಯಿತಲ್ಲ ಎಂದು ನನ್ನ ಗಂಡ ಇಲೇರ್ ಆಡಿಕೊಳ್ಳುತ್ತಾನೆ. ದೋಣಿಯ ಎಂಜಿನ್ ಬಿಚ್ಚಿ ಕಟ್ಟುವವನಿಗೆ ಮನುಷ್ಯರ ವಿಷಯ ಏನು ಗೊತ್ತು. ಫೋಟೋ ನೋಡಿ ಮನೆ ಆರಿಸಿಕೊಂಡವರು ಮೂರನೇ ದಿನಕ್ಕೆ ಮುಖ ಊದಿಸಿಕೊಂಡು ಕೂತಿರುತ್ತಾರೆ. ಅದಕ್ಕೇ ನಾನು ಸಮುದ್ರದ ಸುದ್ದಿಯನ್ನೇ ಎತ್ತುವುದಿಲ್ಲ. ಫೋನಿನಲ್ಲಿ ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಬೆಳಗ್ಗೆ ಮೊದಲು ಏಳುವವರು ಯಾರು? ಎದ್ದವರು ಸುಮ್ಮನಿರುತ್ತಾರೋ, ಪಾತ್ರೆ ಸದ್ದು ಮಾಡುತ್ತಾರೋ? ಮಂಡಿನೋವು ಯಾರಿಗಿದೆ? ನೀರಿಗಿಳಿಯುತ್ತೀರೋ, ನೋಡಿಕೊಂಡು ಕೂರುತ್ತೀರೋ? ಜೊತೆಗೆ ಬರುವವರಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ?

ಕೊನೆಯ ಪ್ರಶ್ನೆಗೆ ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ. ನಾಲ್ಕು ಜನರ ಕಣ್ಣಿಗೆ ಬೀಳಬೇಕೆನ್ನುವವರನ್ನು ಬಂದರಿನ ಹತ್ತಿರಕ್ಕೆ ಕಳಿಸುತ್ತೇನೆ. ಹೊಸದಾಗಿ ಮದುವೆಯಾದವರಿಗೆ ಗುಡ್ಡದ ತುದಿ. ಅತ್ತೆ-ಸೊಸೆ ಒಟ್ಟಿಗೆ ಬರುತ್ತಿದ್ದರೆ ಎರಡು ಅಡುಗೆಮನೆ ಇರುವ ವಿಲ್ಲಾ, ಅದರಲ್ಲಿ ಮಾತೇ ಇಲ್ಲ.

ನನ್ನ ಮನೆಯಲ್ಲಿ ಮಾತ್ರ ಅಡುಗೆಮನೆ ಒಂದೇ. ನಾನು, ಇಲೇರ್, ಅತ್ತೆ ಲಿಯೊಂಟೀನ್, ಮೂವರೂ ಕೊಲೊಂಬಿಯೆ ಗುಡ್ಡದ ಮೇಲೆ ಅತ್ತೆಯ ಗಂಡ ಕಟ್ಟಿದ ಮನೆಯಲ್ಲಿದ್ದೇವೆ. ಇಪ್ಪತ್ತಾರು ವರ್ಷದಿಂದ ಅತ್ತೆಗೂ ನನಗೂ ಕಾಫಿಯ ವಿಷಯದಲ್ಲಿ ಜಗಳ. ಅವರ ಕಾಫಿ ಡಾಂಬರಿನ ಹಾಗಿರುತ್ತದೆ ಎಂದು ನಾನು, ನನ್ನದು ಪಾತ್ರೆ ತೊಳೆದ ನೀರು ಎಂದು ಅವರು. ದಿನ ಶುರುವಾಗುವುದೇ ಹಾಗೆ.

ಕ್ರಿಸ್ಮಸ್ ಹತ್ತಿರ ಬಂದರೆ ನಮ್ಮೂರಿನ ಅರ್ಧ ಜನ ತಮ್ಮ ಮನೆಯನ್ನು ಪ್ರವಾಸಕ್ಕೆ ಬಂದವರಿಗೆ ಬಿಟ್ಟುಕೊಟ್ಟು ಹೊರಗೆ ಬೀಳುತ್ತಾರೆ. ವರ್ಷವಿಡೀ ದುಡಿದರೂ ಸಿಗದ ಬಾಡಿಗೆ ಆ ಎರಡು ವಾರದಲ್ಲಿ ಸಿಗುತ್ತದೆ, ನಾಚಿಕೆ ಪಟ್ಟರೆ ಆದೀತೇ. ಒಬ್ಬರು ತಮ್ಮನ ಮನೆಗೆ, ಒಬ್ಬರು ದೋಣಿಗೆ, ಇನ್ನೊಬ್ಬರು ಗ್ವಾಡಲೂಪ್ ದ್ವೀಪದ ನೆಂಟರಲ್ಲಿಗೆ. ಚರ್ಚಿನ ಬಾಗಿಲಲ್ಲಿ "ಈ ಸಲ ನೀವೆಲ್ಲಿ?" ಎಂದು ಕೇಳುವುದು ಚಳಿ-ಮಳೆ ವಿಚಾರಿಸಿದಷ್ಟೇ ಸಹಜ. ಹೀಗೆ ಬಿಟ್ಟುಕೊಟ್ಟ ಪ್ರತಿ ಮನೆಯಲ್ಲೂ ಬೀಗ ಹಾಕಿದ ಒಂದು ಕೋಣೆ ಇರುತ್ತದೆ. ಮನೆಯವರ ಬಟ್ಟೆ, ಮದುವೆಯ ಫೋಟೋ, ಮಾತೆ ಮರಿಯಳ ಪ್ರತಿಮೆ, ತೂತಾದ ಬಾಣಲೆ, ಬಂದವರ ಕಣ್ಣಿಗೆ ಬೀಳಬಾರದ್ದೆಲ್ಲ ಅದರೊಳಗೆ. ನಮ್ಮಲ್ಲಿ ಅದು ಈಗ ಒಲೆ ಹಚ್ಚದ ಹಿಂದಿನ ಕಾಲದ ಅಡುಗೆಮನೆ, ಗಾಳಿಗೆ ಬೆನ್ನು ಹಾಕಿ ಕೂತ ಕಲ್ಲಿನ ಗೂಡು.

ನಾವು ಮನೆ ಬಿಟ್ಟುಕೊಡುವುದು ಇದು ಮೂರನೇ ವರ್ಷ. ನಾನೂ ಇಲೇರನೂ ಅವನ ವರ್ಕ್‌ಶಾಪಿನಲ್ಲಿ ಮಲಗುತ್ತೇವೆ. ಅತ್ತೆಯನ್ನು ಫ್ಲಾಮಾಂದ್ ಕಡಲ ದಂಡೆಯಲ್ಲಿರುವ ನಾದಿನಿ ಬ್ರಿಜಿತ್ ಮನೆಗೆ ಕಳಿಸುತ್ತೇವೆ. ಪ್ರವಾಸಿಗರಾದರೆ ಅಲ್ಲಿನ ಅಂಥ ಕೋಣೆಗೆ ಒಂದು ವರ್ಷ ಮುಂಚೆಯೇ ಹೇಳಿಡಬೇಕು, ಅಷ್ಟು ಚೆನ್ನಾಗಿದೆ. ಈ ಸಲ ಸಾಮಾನು ಕಟ್ಟುತ್ತಿದ್ದಾಗ ಅತ್ತೆ ತಾಳೆಗರಿಯ ಬುಟ್ಟಿ ಹೆಣೆಯುತ್ತಾ ಕೂತಿದ್ದರು.

"ನಾನೆಲ್ಲಿಗೆ?" ಎಂದು ಕೇಳಿದರು.

"ಇನ್ನೆಲ್ಲಿಗೆ, ಬ್ರಿಜಿತ್ ಮನೆಗೆ. ಕಿಟಕಿ ತೆಗೆದ್ರೆ ಸಮುದ್ರ."

"ಸಮುದ್ರ ನಾನು ನೋಡಿದೀನಿ ಕಣೆ."

"ಏಸಿ ಇದೆ. ಹಾಸಿಗೆ ಹತ್ತಿ ಥರ ಇದೆ."

"ನೀವಿಬ್ರೂ?"

"ವರ್ಕ್‌ಶಾಪ್‌ನಲ್ಲಿ, ಡೀಸೆಲ್ ವಾಸನೆ ಕುಡ್ಕೊಂಡು."

"ಅಲ್ಲಿ ಜಾಗ ಇದ್ಯಾ?"

"ನಮಗೇ ಇಲ್ಲ," ಎಂದೆ, ಹೊದಿಕೆ ಮಡಿಸುತ್ತಾ. ತಲೆ ಎತ್ತಿಯೂ ನೋಡಲಿಲ್ಲ. ಅತ್ತೆ ಮತ್ತೆ ಮಾತಾಡಲಿಲ್ಲ. ಜಗಳವಾಡದ ಅತ್ತೆಯನ್ನು ಕಂಡರೆ ಹೆದರಬೇಕಾಗಿತ್ತು. ಕೆಲಸದ ಗಡಿಬಿಡಿಯಲ್ಲಿ ಸದ್ಯ ಬಾಯಿ ಮುಚ್ಚಿದರಲ್ಲ ಎಂದುಕೊಂಡೆ.

ಈ ವರ್ಷ ನಮ್ಮ ಮನೆಗೆ ಬಂದವರು ಲಿಯಾನ್ ಕಡೆಯ ವಾಸೆರ್ ದಂಪತಿ. ಗಂಡನಿಗೆ ಸದ್ದು ಆಗದು, ಹೆಂಡತಿಗೆ ಮೌನ ಆಗದು. ಫೋನಿನಲ್ಲೇ ಇದನ್ನು ಹಿಡಿದು, ಹಕ್ಕಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲದ, ಆದರೆ ಅಕ್ಕಪಕ್ಕ ಮಾತಿಗೆ ನಾಲ್ಕು ಮನೆಯವರು ಸಿಗುವ ನಮ್ಮ ಮನೆಯನ್ನೇ ಕೊಟ್ಟಿದ್ದೆ. ಕ್ರಿಸ್ಮಸ್‌ನ ಹಿಂದಿನ ದಿನ ಬೆಳಗ್ಗೆ ಮದಾಮ್ ವಾಸೆರ್ ಫೋನ್ ಮಾಡಿದರು.

"ಒಡೀಲ್, ಗಾಬರಿ ಆಗ್ಬೇಡಿ, ಎಲ್ಲಾ ಚೆನ್ನಾಗಿದೆ. ಒಂದು ಸಣ್ಣ ವಿಷಯ. ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಕಾಫಿ ಮಾಡ್ತಿದಾರೆ. ಅವರೂ ಬಾಡಿಗೇಲಿ ಸೇರಿದಾರಾ?"

ಅಜ್ಜಿ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ತಕ್ಷಣ ಬ್ರಿಜಿತ್‌ಗೆ ಫೋನ್ ಮಾಡಿದೆ.

"ಅತ್ತಿಗೆ, ಅಮ್ಮ ನಿಮ್ಮ ಹತ್ರ ಇಲ್ವಾ? ನಿನ್ನೆ ಸಂಜೇನೇ ಹೊರಟ್ರು! ಒಡೀಲ್ ಬಾ ಅಂದಿದಾಳೆ, ಒಟ್ಟಿಗೆ ಚರ್ಚಿಗೆ ಹೋಗ್ತೀವಿ ಅಂದ್ರು. ಬ್ರೆಡ್ ವ್ಯಾನಿನವನ ಜೊತೆ ಹೋದ್ರಲ್ಲ!"

ಬೀಗದ ಕೋಣೆಯ ಇನ್ನೊಂದು ಕೀಲಿ ಅತ್ತೆಯ ಕೊರಳಲ್ಲಿ ಜಪಮಾಲೆಯ ಜೊತೆಗೇ ಇರುತ್ತದೆ. ಹಿಂಬಾಗಿಲಿಂದ ಒಳಗೆ ಹೋಗಿ ರಾತ್ರಿಯಿಡೀ ಅಲ್ಲೇ ಮಲಗಿದ್ದಾರೆ. ಬೆಳಗಾದ ಮೇಲೆ ಕಾಫಿ ಇಲ್ಲದೆ ಇರಲಾಗಿಲ್ಲ, ಹೊರಗೆ ಬಂದಿದ್ದಾರೆ.

ಗುಡ್ಡದ ತಿರುವುಗಳಲ್ಲಿ ಕಾರು ಓಡಿಸುತ್ತಾ ಬಾಯಿಗೆ ಬಂದದ್ದನ್ನೆಲ್ಲ ಅಂದುಕೊಂಡೆ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ. ಬಂದವರಿಗೆಲ್ಲ ಮನೆ ಹುಡುಕಿಕೊಡುವ ಒಡೀಲ್‌ಳ ಅತ್ತೆ ಸಾಮಾನಿನ ಕೋಣೆಯಲ್ಲಿ ಮಲಗಿದ್ದಳಂತೆ ಎನ್ನುತ್ತಾರೆ. ಪಾಪ ಎನ್ನುತ್ತಾರೆ. ಆ ಪಾಪ ಎನ್ನುವ ಮಾತನ್ನು ನೆನೆದೇ ನನಗೆ ಮೈಯೆಲ್ಲ ಉರಿಯಿತು.

ಮುಸ್ಯೂ ವಾಸೆರ್ ಈಜುಕೊಳದ ಪಕ್ಕ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. "ಇಡೀ ಮನೆ ನಮಗೆ ಅಂತ ತಿಳ್ಕೊಂಡಿದ್ದೆ," ಎಂದರು. ಕ್ಷಮೆ ಕೇಳಿದೆ, ಈಗಲೇ ಕರೆದುಕೊಂಡು ಹೋಗುತ್ತೇನೆ ಎಂದೆ. ಒಳಗೆ ಅತ್ತೆ ಕೊಟ್ಟ ಕಾಫಿಯನ್ನು ಮದಾಮ್ ವಾಸೆರ್ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಇಂಥ ಕಾಫಿ ನಾನು ಕುಡಿದೇ ಇಲ್ಲ," ಎಂದು ಪಿಸುಗುಟ್ಟಿದರು. ಹೊಗಳಿಕೆಯೋ ಅಲ್ಲವೋ ಗೊತ್ತಾಗಲಿಲ್ಲ.

ಅತ್ತೆ ವಾಪಸ್ ಹಳೆಯ ಅಡುಗೆಮನೆ ಸೇರಿದ್ದರು. ನಮ್ಮ ಹೊದಿಕೆಯ ಗಂಟುಗಳನ್ನೇ ಹಾಸಿಗೆ ಮಾಡಿಕೊಂಡಿದ್ದರು. ಪಕ್ಕದಲ್ಲಿ ನನ್ನ ಮದುವೆ ಫೋಟೋ, ಇಲೇರನ ಹಳೆಯ ಬೂಟು. ಮಡಿಲಲ್ಲಿ ಬುಟ್ಟಿ.

"ಏನಿದು ಅತ್ತೆ? ನಮ್ಮ ಮಾನ ತೆಗೀಬೇಕು ಅಂತಾನೇ ಬಂದ್ರಾ?"

"ಬಾಗಿಲು ಹಾಕು. ಗಾಳಿ ಬರತ್ತೆ."

"ಬ್ರಿಜಿತ್ ಏನು ಕಡಿಮೆ ಮಾಡಿದ್ಲು ನಿಮಗೆ?"

"ಏನೂ ಕಡಿಮೆ ಮಾಡಿಲ್ಲ. ಒಳ್ಳೇ ಹುಡುಗಿ." ಅತ್ತೆ ಒಂದು ಗರಿಯನ್ನು ಹಲ್ಲಿನಿಂದ ಸೀಳಿದರು. "ಎರಡು ವಾರಕ್ಕೆ ಅಂತ ಬರೋರನ್ನ ನೀನು ಗಂಟೆಗಟ್ಟಲೆ ಕೇಳ್ತೀಯ. ಯಾರು ಮೊದಲು ಏಳ್ತೀರಿ, ಮಂಡಿನೋವು ಯಾರಿಗೆ, ಮಾತು ಬಿಟ್ಟಿರೋರು ಯಾರು. ನಾನು ಪಕ್ಕದಲ್ಲೇ ಕಾಳು ಬಿಡಿಸ್ತಾ ಕೇಳಿಸ್ಕೋತೀನಿ. ಯಾರೋ ಏನೋ, ಅವರಿಗೆ ಅಷ್ಟು ಕೇಳ್ತೀಯ. ನನ್ನನ್ನ ಒಂದಿನ ಕೇಳಿದ್ಯಾ?"

ನನಗೆ ಸಿಟ್ಟು ಬಂತು. ಮಂಡಿನೋವು ಅವರಿಗಿದೆ ಎಂದು ಗೊತ್ತಿದ್ದದ್ದಕ್ಕೇ ಮೆಟ್ಟಿಲಿಲ್ಲದ ಬ್ರಿಜಿತ್ ಮನೆಗೆ ಕಳಿಸಿದ್ದು. ಬೇಗ ಏಳುತ್ತಾರೆಂದೇ ಬೇರೆ ಕೋಣೆ. ಎಲ್ಲ ಯೋಚಿಸಿಯೇ ಮಾಡಿದ್ದೆ. ಆದರೆ ಕೇಳಿರಲಿಲ್ಲ, ಅದು ನಿಜ. ಪೆಟ್ಟಿಗೆಯೊಂದರ ಮೇಲೆ ಕೂತೆ.

"ಸರಿ. ಈಗ ಕೇಳ್ತೀನಿ. ಮನೆ ಹೇಗಿರಬೇಕು?"

"ಹಾಗೆ ವ್ಯಂಗ್ಯವಾಗಿ ಅಲ್ಲ. ಅವರನ್ನ ಕೇಳೋ ಥರ ಕೇಳು."

ಗಂಟಲು ಸರಿಮಾಡಿಕೊಂಡೆ. "ಮದಾಮ್ ಲಿಯೊಂಟೀನ್, ನಿಮಗೆ ಯಾವುದು ಆಗಿಬರಲ್ಲ?"

ಅತ್ತೆ ನಿಜಕ್ಕೂ ಯೋಚಿಸಿಯೇ ಹೇಳಿದರು. "ಬಾಗಿಲು ತಟ್ಟಿ ಒಳಗೆ ಬರೋದು ಆಗಿಬರಲ್ಲ. ಬ್ರಿಜಿತ್ ಮನೇಲಿ ಎಲ್ಲರೂ ತಟ್ತಾರೆ. ಬರಬಹುದಾ ಅಮ್ಮ, ಏನಾದ್ರೂ ಬೇಕಾ ಅಮ್ಮ. ಬೇಡ ಅಂದ್ರೆ ಹೋಗೇಬಿಡ್ತಾರೆ. ನನ್ನ ಕಾಫಿ ಕುಡಿದು ತುಂಬಾ ಚೆನ್ನಾಗಿದೆ ಅಂತಾರೆ. ಲೋಟ ಅರ್ಧ ಹಾಗೇ ಇರತ್ತೆ."

"ಮತ್ತೆ ಏನು ಬೇಕು?"

"ಬೈಯೋರು ಬೇಕು."

ನಗು ಬಂತು. ಮಾತೆ ಮರಿಯಳ ಪ್ರತಿಮೆಯ ಆಸೆಗೆ, ಗಂಡ ಕಟ್ಟಿದ ಗೋಡೆಯ ಆಸೆಗೆ ಬಂದಿದ್ದಾರೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅದನ್ನೇ ಹೇಳಿದೆ. "ಈ ಮನೆ ಬಿಟ್ಟಿರಕ್ಕಾಗಲ್ಲ ಅಂತ ಬಂದ್ರಿ ಅಂದ್ಕೊಂಡೆ."

"ಮನೆ ಎಲ್ಲಿಗೆ ಹೋಗತ್ತೆ? ಇವರು ಹೋದ್ಮೇಲೂ ಇಲ್ಲೇ ಇರತ್ತೆ."

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ?"

ಅತ್ತೆ ಬುಟ್ಟಿಯನ್ನು ಕೆಳಗಿಟ್ಟರು. "ಹೋದ ಕ್ರಿಸ್ಮಸ್‌ನಲ್ಲಿ ಬ್ರಿಜಿತ್ ಮನೆಯಿಂದ ನಿನಗೆ ಫೋನ್ ಮಾಡಿದ್ದೆ, ನೆನಪಿದ್ಯಾ? ಸಂಜೆ ಬರ್ತೀನಿ ಅತ್ತೆ ಅಂದೆ. ಮಾರನೇ ದಿನ ಮತ್ತೆ ಮಾಡಿದೆ, ನೀನು ನಾಳೆ ಬರ್ತೀನಿ ಅಂದೆ. ಬಾಡಿಗೆಯವರು ಕರೆದ್ರೆ ನೀನು ಕೈಯಲ್ಲಿರೋ ತುತ್ತು ಬಿಟ್ಟು ಓಡ್ತೀಯ. ಅದಕ್ಕೆ ಬಾಡಿಗೆಯವರ ಮನೆಗೆ ಬಂದೆ. ನೋಡು, ಕಾಫಿ ಆರೋದ್ರೊಳಗೆ ಬಂದ್ಯಲ್ಲ."

ಹೋದ ವರ್ಷ ಆ ಎರಡು ವಾರ ಯಾರದೋ ಈಜುಕೊಳದ ಪಂಪು, ಯಾರದೋ ತಲೆದಿಂಬು ಎಂದು ದ್ವೀಪವಿಡೀ ಸುತ್ತಿದ್ದೆ. ಫ್ಲಾಮಾಂದ್ ದಾರಿಯಲ್ಲಿ ದಿನವೂ ಎರಡು ಸಲ ಹಾದುಹೋಗಿದ್ದೆ. ಬ್ರಿಜಿತ್ ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿರಲಿಲ್ಲ.

"ವರ್ಕ್‌ಶಾಪ್‌ನಲ್ಲಿ ಮೆಟ್ಟಿಲು ಹತ್ತಬೇಕು," ಎಂದೆ ಕೊನೆಗೆ.

"ಕೆಳಗೇ ಮಲಗ್ತೀನಿ, ಎಂಜಿನ್ ಪಕ್ಕ."

"ನಿಮ್ಮ ಮಗ ಗೊರಕೆ ಹೊಡೀತಾನೆ."

"ಅವನ ಅಪ್ಪನೂ ಹೊಡೀತಿದ್ದ."

"ಕಾಫಿ ನಾನು ಮಾಡ್ತೀನಿ. ಅಲ್ಲಿರೋದು ಒಂದೇ ಒಲೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಷ್ಟದ ಕರಾರು ಎಂದು ಅವರ ಮುಖವೇ ಹೇಳುತ್ತಿತ್ತು. "ಒಂದು ದಿನ ನೀನು, ಒಂದು ದಿನ ನಾನು," ಎಂದರು. ಒಪ್ಪಿದೆ.

ಹೊರಡುವಾಗ ಮದಾಮ್ ವಾಸೆರ್ ಬಾಗಿಲವರೆಗೂ ಬಂದರು. ದಿನಾ ಬೆಳಗ್ಗೆ ಬಂದು ಹೋಗಬಹುದೇ ಎಂದು ಅತ್ತೆಯ ಕೈ ಹಿಡಿದು ಕೇಳಿದರು. "ಪುರುಸೊತ್ತಿಲ್ಲಮ್ಮ, ಮನೇಲಿ ಕೆಲಸ ಇದೆ," ಎಂದರು ಅತ್ತೆ, ದೊಡ್ಡ ಸಂಸಾರದ ಯಜಮಾನಿತಿಯ ಹಾಗೆ. ಮುಸ್ಯೂ ವಾಸೆರ್ ಟವೆಲ್ ಸರಿಮಾಡಿಕೊಂಡು ಕಾರಿನ ಬಾಗಿಲು ತೆಗೆದು ಹಿಡಿದರು.

ಇಲೇರ್ ವರ್ಕ್‌ಶಾಪಿನ ಮೂಲೆಯಿಂದ ಎರಡು ಎಂಜಿನ್ ಸರಿಸಿ, ಬಣ್ಣದ ಡಬ್ಬಗಳನ್ನು ಹೊರಗಿಟ್ಟು, ಹಾಯಿಬಟ್ಟೆಯೊಂದನ್ನು ಪರದೆಯಾಗಿ ಕಟ್ಟಿದ. ಅಮ್ಮ ಬಂದಳು ಎಂದು ಬಾಯಿಬಿಟ್ಟು ಹೇಳದಿದ್ದರೂ ಸೀಟಿ ಹೊಡೆಯುತ್ತಿದ್ದ. ಅತ್ತೆ ಮಂಚದ ಮೇಲೆ ಕೂತು ಸುತ್ತ ನೋಡಿದರು. "ಇಲ್ಲಿಂದ ಸಮುದ್ರ ಕಾಣಲ್ಲ," ಎಂದು ಕೆಣಕಿದೆ. "ಸದ್ಯ," ಎಂದರು.

ಸಂಜೆ ಚರ್ಚಿಗೆ ಹೊರಡುವ ಮುಂಚೆ ನಾನು ಮೇಲೆ ಅಟ್ಟದಲ್ಲಿ ಅಂಗೈಯಷ್ಟು ಸಣ್ಣ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದೆ. ಫೋನು ಹೊಡೆದುಕೊಂಡಿತು. ಬಂದರಿನ ಹತ್ತಿರದ ವಿಲ್ಲಾದವರು, ತಲೆದಿಂಬಿನ ವಿಷಯವೇ ಇರಬೇಕು. ಅದೇ ಹೊತ್ತಿಗೆ ಕೆಳಗೆ ಪರದೆಯ ಹಿಂದಿನಿಂದ ಅತ್ತೆ ಕೂಗಿದರು.

"ಒಡೀಲ್!"

ಫೋನನ್ನು ಹಾಸಿಗೆಯ ಮೇಲೆ ಬಡಿದುಕೊಳ್ಳಲು ಬಿಟ್ಟು, ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಕೆಳಗಿಳಿದೆ. ತಟ್ಟಲು ಅಲ್ಲಿ ಬಾಗಿಲಿರಲಿಲ್ಲ. ಪರದೆ ಎಳೆದೆ.

"ಏನು ಅತ್ತೆ?"

ಅತ್ತೆ ಶಾಲು ಹೊದ್ದು, ಚೀಲ ಮಡಿಲಲ್ಲಿಟ್ಟುಕೊಂಡು, ಹೊರಡಲು ಸಿದ್ಧರಾಗಿ ಕೂತಿದ್ದರು. ನನ್ನ ಮುಖವನ್ನೇ ನೋಡಿದರು.

"ಏನಿಲ್ಲ. ಬರ್ತೀಯೋ ಇಲ್ವೋ ಅಂತ ನೋಡ್ದೆ."